ಮುದುವೊಳಲೂ ಅದರ ಸುತ್ತಲಿನ ಸೀಮೆಯೂ

ಮುಧೋಳವೆಂಬ ಈಗಿನ ಹೆಸರು ಮುದುವೊಳಲೆಂಬ ಪೂರ್ವದ ಹೆಸರು ಜನರ ಬಾಯಲ್ಲಿ ಸವೆದು ಉಳಿದ ರೂಪವಾಗಿರುವದು. ಮುದು ಎಂದರೆ ಹಳೆಯದು, ಪೊಳಲೆಂದರೆ ಪಟ್ಟಣವು. ರನ್ನಕವಿಯು ಕ್ರಿ. ಶ. ೯೯೩ರಲ್ಲಿ ಮುಗಿಸಿದ ತನ್ನ ಅಜಿತಪುರಾಣದಲ್ಲಿ ತಾನು ಹುಟ್ಟಿದ ಊರನ್ನು ಈ ಹೆಸರಿನಿಂದಲೇ ಹೇಳಿಕೊಂಡಿರುವನು. ಅಂದರೆ ಸಾವಿರ ವರ್ಷಗಳ ಹಿಂದೆಯೇ ಅದು ಜನರ ಎಣಿಕೆಯಲ್ಲಿ ಹಳೆಯ ಊರಾಗಿ ಹೋಗಿದ್ದಿತು. ಇಂಥ ಊರಿಗೆ ಹೋದವನು ದೊಡ್ಡ ಕೋಟೆಯನ್ನೋ ಎತ್ತರದ ಗೋಪುರವನ್ನೋ ಹುಡುಕುವದು ಸಹಜವು. ಆದರೆ ಘಟಪ್ರಭೆಯ ಎಡದಂಡೆಯ ಈ ಪಟ್ಟಣದಲ್ಲಿ ಬಾದಾಮಿಯ ಗುಹೆಗಳಿಲ್ಲ, ಪಟ್ಟದಕಲ್ಲಿನ ಗುಡಿಗಳಿಲ್ಲ, ವಿಜಾಪುರದ ಗುಮ್ಮಟವೂ ಇಲ್ಲ. ಮೋಟಾರಿನಲ್ಲಿ ಬಂದವರು ಘೋರ್ಪಡೆಯವರ ಅರಮನೆಯ ಕಡೆಗೆ ಒಮ್ಮೆ ನೋಡಿ, ಹೆಸರಾದ ಬೇಟೆನಾಯಿಗಳ ವಿಚಾರವನ್ನು ಕೇಳಿ, ರನ್ನನ ಹೆಸರಿಗೆ ಕೈಮುಗಿದು, ಒಂದು ತಾಸಿನೊಳಗೆ ಬಾದಾಮಿಯ ದಾರಿ ಹಿಡಿಯುವರು. ಅವರನ್ನು ದೂರುವದರಲ್ಲಿ ಅರ್ಥವಿಲ್ಲ. ಈ ಊರಿನ ಇತಿಹಾಸವು ಊರೊಳಗೆ ಕಡಮೆ, ಊರ ಸುತ್ತಲೂ ಹೆಚ್ಚು ಇರುವದು. ಒಂದು ದಿನದ ದಾರಿಯೊಳಗಿನ ಐದಾರು ಊರುಗಳನ್ನು ಒಂದಾದ ಮೇಲೊಂದರಂತೆ ನೋಡಿದ ಹೊರತು ಮುಧೋಳವೆಂಬುದು ಏನೆಂದು ತಿಳಿಯುವಂತಿಲ್ಲ.

ಹಾಗೆ ನೋಡುವದಕ್ಕೆ ಸೈಕಲ್ಲಿನಂಥ ವಾಹನವು ಬೇರೊಂದಿಲ್ಲ. ಕಾಲ್ನಡೆಗೆ ಈ ಸುತ್ತು ಮೂರು ದಿನದ್ದಾಗುವದು. ಮೋಟಾರಿಗೆ ಊರುಗಳ ನಡುವಣ ನೆಲವು ಕಾಣದೆ ಹೋಗುವದು. ಜರ್ಮನಿಯ ಮ್ಯಾನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಡ್ರೈಸನು ಕಾಲಿನಿಂದ ನೆಲವನ್ನೊದ್ದು ಮುಂದೆ ನೂಕುವ ಎರಡು ಗಾಲಿಯ ಯಂತ್ರವನ್ನು ಓಡಿಸಿದ್ದು ೧೮೧೭ರಲ್ಲಿ. ಅದು ಇಂದಿನ ಸೈಕಲ್ಲಿನ ರೂಪಕ್ಕೆ ಬರಬೇಕಾದರೆ ಸುಮಾರು ಎಪ್ಪತ್ತು ವರ್ಷಗಳು ಹಿಡಿದವು. ೧೮೮೫ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಯು ಹಿಂದಿನ ಗಾಲಿಯನ್ನು ಸರಪಳಿಯಿಂದ ತಿರುಗಿಸುವ ಸೈಕಲ್ಲನ್ನೂ, ೧೮೮೮ರಲ್ಲಿ ಡನ್‌ಲಪ್ಪನು ಗಾಳಿ ತುಂಬುವ ಟಾಯರನ್ನೂ ತಂದ ಮೇಲೆಯೇ ಸಾಧಾರಣ ಮನುಷ್ಯನು ತನ್ನ ಕಾಲಬಲದಿಂದ ದಿನಕ್ಕೆ ೫೦-೬೦ ಮೈಲು ಹೋಗುವಂತಾಯಿತು. ಯುರೋಪದಲ್ಲಿ ಇದರಿಂದ ಹಳೆಯ ಪಟ್ಟಣಗಳನ್ನೂ ಅವುಗಳ ಹಳ್ಳಿಗಾಡನ್ನೂ ಒಟ್ಟಿಗೆ ನೋಡುವ ಪದ್ಧತಿಯು ಬೆಳೆಯಿತು. ಆಕ್ಸ್‌ಫರ್ಡಿನ ವಿದ್ಯಾರ್ಥಿಯಾಗಿದ್ದ ಟಿ. ಇ. ಲಾರೆನ್ಸನು ೧೯೦೮ರ ಬೇಸಿಗೆಯಲ್ಲಿ ಫ್ರಾನ್ಸಿನ ಹಳೆಯ ಕೋಟೆಗಳನ್ನು ನೋಡುತ್ತ ಸುಮಾರು ೨೪೦೦ ಮೈಲು ಸೈಕಲ್ಲಿನ ಮೇಲೆಯೇ ತಿರುಗಿದನು. ಎರಡು ಸುತ್ತು ಗೋಡೆಗಳುಳ್ಳ ಕಾರ್ಕಾಸೋನಿನ ಕೋಟೆಯನ್ನು ಅವನು ಕಂಡದ್ದು ಆ ಪ್ರಯಾಣದಲ್ಲಿಯೇ. ಪಂಡಿತರ ಪುಸ್ತಕದ ಮಾತನ್ನು ಕಲ್ಲಿಗೆ ಒರೆಹಚ್ಚಿ ನೋಡುವದು ಅವನ ಉದ್ದೇಶವಾಗಿದ್ದಿತು. ಧರ್ಮಯುದ್ಧಗಳ ಕಾಲದ ಕೋಟೆಗಳನ್ನು ಕುರಿತ ಅವನ ಪ್ರಬಂಧವು ಆ ತಿರುಗಾಟದ ಫಲ. ನಮ್ಮ ದೇಶದವರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ೧೯೨೩ರ ಅಕ್ಟೋಬರ ೧೫ರಂದು ಮುಂಬಯಿಯಿಂದ ಆರು ಮಂದಿ ಪಾರಸೀ ತರುಣರು ಸೈಕಲ್ಲುಗಳ ಮೇಲೆ ಲೋಕವನ್ನು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ, ಜಾಲ ಬಾಪಾಸೋಲಾ, ರುಸ್ತುಮ ಭೂಮ್‌ಗರಾ ಎಂಬ ಮೂವರು ೧೯೨೮ರ ಮಾರ್ಚದಲ್ಲಿ ಸುತ್ತನ್ನು ಪೂರೈಸಿ ಮರಳಿ ಬಂದರು.

ಲೋಕವನ್ನು ಸುತ್ತುವವನಿಗೆ ಎದುರಾಗದ ಒಂದು ತೊಡಕು ಮುಧೋಳವನ್ನು ಸುತ್ತುವವನಿಗೆ ಇರುವದು. ಅದು ಎರೆಯ ಮಣ್ಣು. ಬಿಸಿಲಿನಲ್ಲಿ ಬಾಯಿಬಿಡುವ ಈ ಕರಿಯ ನೆಲವು ಒಂದು ಮಳೆ ಬಿದ್ದೊಡನೆ ನಾದಿದ ಹಿಟ್ಟಿನಂತಾಗಿ, ಟಾಯರಿಗೂ ಮಡಗಾರ್ಡಿಗೂ ನಡುವೆ ಸೇರಿಕೊಂಡು ಗಾಲಿಯನ್ನು ಹಿಡಿದು ನಿಲ್ಲಿಸಿಬಿಡುವದು. ಕಡ್ಡಿಯಿಂದ ಮಣ್ಣನ್ನು ಕೆದರಿ ಹತ್ತು ಮಾರು ನೂಕುವದು, ತಿರುಗಿ ಕೆದರುವದು, ಕೊನೆಗೆ ತನ್ನನ್ನು ಹೊರಬೇಕಾದ ಸೈಕಲ್ಲನ್ನು ತಾನೇ ಹೆಗಲಿಗೇರಿಸಿ ನಡೆಯುವದು. ಡಾಂಬರಿಲ್ಲದ ದಾರಿಯಲ್ಲಿ ಸವಾರನ ಪಾಡು ಇದು. ಮಸಾರಿ ನೆಲವಾದರೆ ಈ ಗೋಳಿಲ್ಲ. ಆದರೆ ಅಲ್ಲಿ ಜಾಲಿಯ ಮುಳ್ಳು ಕಾದಿರುವದು. ಆದುದರಿಂದ ದೀಪಾವಳಿ ಕಳೆದು ಶಿವರಾತ್ರಿ ಬರುವವರೆಗಿನ ಕಾಲವೇ ಈ ಸೀಮೆಯ ತಿರುಗಾಟಕ್ಕೆ ಒಳ್ಳೆಯದು. ಕಟಕರೊಟ್ಟಿ, ಶೇಂಗಾದ ಹಿಂಡಿ, ಒಂದು ನೀರಿನ ಬಾಟಲಿ, ಪಂಕ್ಚರು ಹಚ್ಚುವ ಸಾಮಾನು ಇವಿಷ್ಟು ಜೊತೆಗಿದ್ದರೆ ಸಾಕು. ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳೆಷ್ಟೋ ಕಬ್ಬಿನ ಹೊಲಗಳಾಗಿವೆ. ಸಕ್ಕರೆಯ ಕಾರಖಾನೆಗಳು ನಡೆಯುವ ತಿಂಗಳುಗಳಲ್ಲಿ ಎರಡೆರಡು ಗಾಡಿಗಳನ್ನು ಎಳೆದುಕೊಂಡು ಬರುವ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ನಿಲ್ಲುವ ತಾಳ್ಮೆಯೂ ಬೇಕಾಗುವದು. ಇಷ್ಟಾದರೂ ಸೈಕಲ್ಲು ಈ ನಾಡಿಗೆ ಪರಕೀಯವಾಗಿ ಉಳಿದಿಲ್ಲ. ಜಾತ್ರೆಗಳಲ್ಲಿ ಕುಸ್ತಿಯ ಕಣದಂತೆ ಸೈಕಲ್ಲಿನ ಪಂದ್ಯವೂ ಕೂಡುವದು. ದೇಶದ ಸೈಕಲ್ ಪಂದ್ಯಗಳಲ್ಲಿ ಗೆದ್ದುಬರುವ ಹುಡುಗ ಹುಡುಗಿಯರಲ್ಲಿ ಬಾಗಲಕೋಟೆ ವಿಜಯಪುರ ಜಿಲ್ಲೆಗಳ ಹಳ್ಳಿಯ ಮಕ್ಕಳು ಎದ್ದು ಕಾಣುವರು.

ಈಗ ನಕಾಶೆಯ ವಿಚಾರಕ್ಕೆ ಬರಬೇಕು. ಇಡೀ ವಿಷಯದ ಗಂಟು ಅಲ್ಲಿಯೇ ಇರುವದು. ೧೯೪೮ರ ಮಾರ್ಚ ತಿಂಗಳವರೆಗೆ, ಮುಧೋಳದಲ್ಲಿ ಬೆಳಗಿನ ಜಾವಕ್ಕೆ ಸೈಕಲ್ಲನ್ನೇರಿದವನು ಜಮಖಂಡಿ, ಬನಹಟ್ಟಿ, ರಬಕವಿ, ತೇರದಾಳ, ಮಹಾಲಿಂಗಪುರಗಳನ್ನು ಸುತ್ತಿಕೊಂಡು ಸಂಜೆಗೆ ಮನೆಗೆ ಬಂದರೆ, ಸುಮಾರು ೫೦ ಮೈಲಿನ ಆ ದಾರಿಯಲ್ಲಿ ಮೂರು ಸಂಸ್ಥಾನಗಳ ಗಡಿಗಳನ್ನು ದಾಟಿರುತ್ತಿದ್ದನು. ಮುಧೋಳ ಮಹಾಲಿಂಗಪುರಗಳು ಘೋರ್ಪಡೆಯವರವು. ಜಮಖಂಡಿ ಬನಹಟ್ಟಿಗಳು ಜಮಖಂಡಿಯ ಪಟವರ್ಧನರವು. ರಬಕವಿ ತೇರದಾಳಗಳು ಸಾಂಗಲಿಯ ಪಟವರ್ಧನರವು. ಸುತ್ತನ್ನು ತುಸು ಮೂಡಲಿಗೆ ಹಿಗ್ಗಿಸಿದರೆ ಬೀಳಗಿಯೂ, ಪಡುವಲಿಗೆ ಹಿಗ್ಗಿಸಿದರೆ ಗೋಕಾವಿಯ ಸೀಮೆಯೂ ಇಂಗ್ಲಿಷರವು. ತೆಂಕಲಿಗೆ ಹಿಗ್ಗಿಸಿದರೆ ರಾಮದುರ್ಗವು ಇನ್ನೊಂದು ಸಂಸ್ಥಾನ. ಒಂದೊಂದರ ಪೋಲೀಸು ಬೇರೆ, ಕೋರ್ಟು ಬೇರೆ, ಕಂದಾಯದ ಲೆಕ್ಕ ಬೇರೆ. ಮುಧೋಳ ಸಂಸ್ಥಾನದ ವಿಸ್ತಾರವು ಸುಮಾರು ೩೬೮ ಚದರ ಮೈಲು, ಜಮಖಂಡಿಯದು ಸುಮಾರು ೫೨೪. ಇದೂ ಒಂದೇ ತುಂಡಾಗಿದ್ದಿತೆಂದು ತಿಳಿಯಬಾರದು. ಹುಬ್ಬಳ್ಳಿಯ ಬಳಿಯ ಕುಂದಗೋಳವು ಜಮಖಂಡಿಯ ರಾಜ್ಯಕ್ಕೂ, ಗದಗಿನ ಆಚೆಯ ಶಿರಹಟ್ಟಿಯು ಸಾಂಗಲಿಯ ರಾಜ್ಯಕ್ಕೂ ಸೇರಿದ್ದವು. ಕುಂದಗೋಳದ ರೈತನು ತನ್ನ ಅರಸನ ಊರನ್ನು ಮುಟ್ಟಬೇಕಾದರೆ ಬೇರೆಯವರ ರಾಜ್ಯಗಳನ್ನು ದಾಟಿ ನೂರು ಮೈಲಿನ ಆಚೀಚೆ ನಡೆಯಬೇಕಾಗಿದ್ದಿತು.

ಇಂಥ ಚಿಂದಿಚಿಂದಿಯಾದ ರಾಜ್ಯಗಳು ಹೇಗೆ ಹುಟ್ಟಿದವೆಂದರೆ, ಅವು ನೆಲವನ್ನು ನೋಡಿ ಹುಟ್ಟಿದವಲ್ಲ, ಲೆಕ್ಕದ ಕಾಗದವನ್ನು ನೋಡಿ ಹುಟ್ಟಿದವು. ಪೇಶವೆ ಮಾಧವರಾಯನು ೧೭೬೪ರ ಸುಮಾರಿಗೆ ಪಟವರ್ಧನರ ಮನೆತನಕ್ಕೆ ಕುದುರೆಯ ದಂಡನ್ನು ಸಾಕುವ ಖರ್ಚಿಗಾಗಿ ಸರಂಜಾಮನ್ನು ಹಾಕಿಕೊಟ್ಟನು. ಇಷ್ಟು ರಾವುತರಿಗೆ ಇಷ್ಟು ಲಕ್ಷ ಉತ್ಪನ್ನವೆಂಬುದು ಮುಖ್ಯ. ಆ ಉತ್ಪನ್ನದ ಊರುಗಳು ಒಂದರ ಮಗ್ಗುಲಿಗೆ ಒಂದಿರಬೇಕೆಂಬ ನಿಯಮವೇನೂ ಇದ್ದಿಲ್ಲ. ಮುಂದೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು. ಮಿರಜೆಯಿಂದ ಸಾಂಗಲಿಯು ಒಡೆಯಿತು; ೧೮೧೧ರಲ್ಲಿ ಜಮಖಂಡಿಯು ಬೇರೆಯಾಯಿತು. ಹೊಲವನ್ನು ಹಂಚಿಕೊಂಡಂತೆ ಪಟ್ಟಣಗಳನ್ನು ಹಂಚಿಕೊಂಡದ್ದಾಯಿತು. ೧೮೧೮ರಲ್ಲಿ ಪೇಶವೆಗಳ ರಾಜ್ಯವು ಮುಳುಗಿದ ಮೇಲೆ ಕಂಪನಿ ಸರಕಾರವು ಒಬ್ಬೊಬ್ಬರೊಡನೆ ಬೇರೆ ಬೇರೆ ಕರಾರು ಮಾಡಿಕೊಂಡಿತು. ಅಂದು ಯಾವ ಹಳ್ಳಿಯು ಯಾರ ಕೈಯಲ್ಲಿದ್ದಿತೋ ಅದು ಅವರಲ್ಲಿಯೇ ಉಳಿಯಿತು. ದಂಡಿನ ಖರ್ಚಿನ ಒಂದು ತಾತ್ಕಾಲಿಕದ ಏರ್ಪಾಡು ಹೀಗೆ ನೂರಮೂವತ್ತು ವರ್ಷ ಜನರ ಬಾಳಿನ ಗಡಿಯಾಗಿ ನಿಂತಿತು.

ಇದಕ್ಕೆ ಪ್ರತಿಯಾಗಿ ರನ್ನನು ಕೊಡುವ ನಕಾಶೆಯನ್ನು ನೋಡಬೇಕು. ಅವನ ಮಾತಿನಂತೆ ಮುದುವೊಳಲು ಬೆಳುಗಲಿ ಐನೂರರ ಒಳಗಿನ ಜಂಬುಖಂಡಿ ಎಪ್ಪತ್ತರಲ್ಲಿರುವ ಊರು. ಈ ಸಂಖ್ಯೆಗಳು ಹಳ್ಳಿಗಳ ಎಣಿಕೆಯೆಂದು ಸಾಮಾನ್ಯವಾಗಿ ತಿಳಿಯಲಾಗುವದು. ಜಂಬುಖಂಡಿಯೇ ಇಂದಿನ ಜಮಖಂಡಿಯು. ಮುಧೋಳವೂ ಜಮಖಂಡಿಯೂ ಒಂದೇ ಎಪ್ಪತ್ತರ ಊರುಗಳು, ಕೃಷ್ಣೆ ಘಟಪ್ರಭೆಗಳ ನಡುವಣ ಒಂದೇ ನೆಲದ ಮಕ್ಕಳು, ಎಂಬುದು ಹತ್ತನೆಯ ಶತಮಾನದ ಬಳೆಗಾರರ ಹುಡುಗನಿಗೆ ಗೊತ್ತಿದ್ದಿತು. ಜಿನವಲ್ಲಭ ಅಬ್ಬಲಬ್ಬೆಯರ ಮಗನಾಗಿ ಕ್ರಿ. ಶ. ೯೪೯ರಲ್ಲಿ ಹುಟ್ಟಿದ ರನ್ನನದು ಬಳೆ ಮಾರುವವರ ಮನೆತನವು. ಬಳೆಗಾರನು ಮಲಾರವನ್ನು ಹೊತ್ತು ಊರಿಂದೂರಿಗೆ ಹೋಗಿ ಒಬ್ಬೊಬ್ಬರ ಮನೆಯ ಜಗಲಿಯಲ್ಲಿ ಕುಳಿತುಕೊಳ್ಳುವವನು. ಯಾವ ಹಳ್ಳಿಯಾದ ಮೇಲೆ ಯಾವ ಹಳ್ಳಿಯು ಬರುವದೆಂಬುದನ್ನು ಅವನ ಕಾಲುಗಳೇ ಬಲ್ಲವು. ಮುಂದೆ ರನ್ನನು ವಿದ್ಯೆಗಾಗಿ ದೂರದ ಗಂಗರ ನಾಡಿಗೆ ಹೋದನು; ಅಜಿತಸೇನಾಚಾರ್ಯರ ಶಿಷ್ಯನಾದನು; ಚಾವುಂಡರಾಯನ ಆಶ್ರಯವನ್ನು ಪಡೆದನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನನೆಂದು ಕೊರೆದ ಹೆಸರು ಇವನದೇ ಎಂದು ನಂಬಲಾಗಿದೆ. ಆ ಬಳಿಕ ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಹೊಂದಿದನು. ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಗದಾಯುದ್ಧವನ್ನು ಬರೆದನು. ಇಷ್ಟು ಎತ್ತರಕ್ಕೆ ಏರಿದವನು ತನ್ನ ಊರನ್ನೂ, ಅದು ಯಾವ ಎಪ್ಪತ್ತಕ್ಕೆ ಸೇರಿದ್ದೆಂಬುದನ್ನೂ ಬಿಡದೆ ಬರೆದಿಟ್ಟನು. ಅಷ್ಟನ್ನು ಅವನು ಬರೆಯದೆ ಬಿಟ್ಟಿದ್ದರೆ ಈ ಸೀಮೆಯ ಅಖಂಡತೆಗೆ ಇಂದು ಸಾಕ್ಷಿ ಸಿಕ್ಕುವದು ಕಷ್ಟವಾಗುತ್ತಿದ್ದಿತು.

ಘೋರ್ಪಡೆಯವರ ಕಥೆಯು ಬೇರೆ ಬಗೆಯದು. ಅವರು ಪೇಶವೆಗಳಿಗಿಂತ ಬಹಳ ಹಿಂದಿನ ಸರದಾರರು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ದಂಡಿನಲ್ಲಿದ್ದ ಈ ವಂಶದ ಹಿರಿಯರು ಉಡಕ್ಕೆ ಹಗ್ಗವನ್ನು ಕಟ್ಟಿ ಕೋಟೆಯ ಗೋಡೆಯನ್ನೇರಿದರೆಂದೂ, ಆ ಸಾಹಸದಿಂದ ಭೋಸಲೆ ಎಂಬ ಅಡ್ಡಹೆಸರು ಹೋಗಿ ಘೋರ್ಪಡೆ ಎಂಬುದು ಬಂದಿತೆಂದೂ ಹೇಳುವರು. ಮರಾಠಿಯಲ್ಲಿ ಘೋರ್ಪಡವೆಂದರೆ ಉಡವು. ಉಡವು ಮನುಷ್ಯನ ಭಾರವನ್ನು ತಾಳುವದೋ ಇಲ್ಲವೋ ಎಂಬುದನ್ನು ಪ್ರಾಣಿಶಾಸ್ತ್ರಜ್ಞರಿಗೆ ಬಿಡುವದು ಒಳಿತು. ಆದಿಲಶಾಹಿಯ ಸೇವೆಯಲ್ಲಿದ್ದ ಬಾಜಿ ಘೋರ್ಪಡೆಯು ೧೬೪೮ರಲ್ಲಿ ಶಹಾಜಿಯನ್ನು ಸೆರೆಹಿಡಿಯುವದರಲ್ಲಿ ಕೈಗೂಡಿಸಿದನು. ಅದರ ಸೇಡನ್ನು ಶಿವಾಜಿಯು ೧೬೬೪ರಲ್ಲಿ ಮುಧೋಳದ ಮೇಲೆ ಏರಿಬಂದು ತೀರಿಸಿಕೊಂಡನು. ಬಾಜಿಯು ಆ ಕಾಳಗದಲ್ಲಿ ಮಡಿದನು. ಒಂದೇ ಮೂಲದ ಎರಡು ಮನೆತನಗಳ ಈ ವೈರವು ಮುಧೋಳದ ಹೆಸರನ್ನು ಮರಾಠರ ಇತಿಹಾಸದಲ್ಲಿ ಕಹಿಯಾಗಿ ಉಳಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಆ ಹೆಸರಿಗೆ ಬೇರೊಂದು ಕೀರ್ತಿಯು ಬಂದಿತು. ರಾಜಾ ಮಾಲೋಜಿರಾವ ಘೋರ್ಪಡೆಯವರು ಬೇಡರು ಬೇಟೆಗೆ ಸಾಕುತ್ತಿದ್ದ ತೆಳುಮೈಯ ನಾಯಿಗಳನ್ನು ಆರಿಸಿ ತಳಿಯನ್ನು ಬೆಳೆಯಿಸಿದರು. ಇಂಗ್ಲೆಂಡಿನ ಐದನೆಯ ಜಾರ್ಜ ಅರಸನಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ಈ ನಾಯಿಯ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿತು. ಅರಸರ ಹೆಸರಿನಿಂದ ಲೋಕಪ್ರಸಿದ್ಧವಾದ ಈ ತಳಿಯು ಮೂಲದಲ್ಲಿ ಬೇಡರ ಗುಡಿಸಲಿನ ನಾಯಿಯೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಬೇಡರ ಮಾತು ಮುಂದೆ ಬರುವದು.

ಮುಧೋಳದಿಂದ ಬಡಗಣ ದಾರಿಯಲ್ಲಿ ಸುಮಾರು ೧೨ ಮೈಲು ಹೋದರೆ ಜಮಖಂಡಿಯು. ಊರಿನ ಹೆಸರಿಗೆ ಕಾರಣವಾದ ಜಂಬುಕೇಶ್ವರನ ಗುಡಿಯು ಹಳೆಯದು. ರಾಮತೀರ್ಥದ ಗುಡ್ಡದ ಮೇಲಿನ ಅರಮನೆಯು ಹೊಸದು. ಈ ಗುಡ್ಡದ ಏರಿನಲ್ಲಿ ಸೈಕಲ್ಲಿನಿಂದ ಇಳಿದು ನಡೆಯುವದಕ್ಕೆ ಯಾರೂ ನಾಚಬೇಕಾಗಿಲ್ಲ. ಪಟವರ್ಧನರಲ್ಲಿ ವಿದ್ಯೆಯ ಅಭಿಮಾನವಿದ್ದಿತು. ತತ್ತ್ವಜ್ಞಾನಿ ಗುರುದೇವ ರಾನಡೆಯವರು ೧೮೮೬ರಲ್ಲಿ ಹುಟ್ಟಿದ್ದು ಈ ಊರಲ್ಲಿ. ಆದರೆ ಮೂರೂ ಸಂಸ್ಥಾನಗಳಲ್ಲಿ ಒಂದು ವಿಪರೀತವು ಸಮಾನವಾಗಿದ್ದಿತು. ಹೊಲದಲ್ಲಿ, ಮಗ್ಗದಲ್ಲಿ, ಸಂತೆಯಲ್ಲಿ ಆಡುವ ಮಾತು ಕನ್ನಡ. ದಫ್ತರದ ಮಾತು ಮರಾಠಿ, ಲಿಪಿಯು ಮೋಡಿ. ತನ್ನ ಹೊಲದ ಕಾಗದವನ್ನು ರೈತನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿದ್ದಿತು. ಕವಿಚಕ್ರವರ್ತಿಯ ಹುಟ್ಟೂರಿನಲ್ಲಿಯೇ ಕನ್ನಡಕ್ಕೆ ಬಂದ ಈ ಸ್ಥಿತಿಯನ್ನು ನೆನೆದರೆ, ೧೯೩೭ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಅಧ್ಯಕ್ಷತೆಯಲ್ಲಿ ಜಮಖಂಡಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಳನದ ಬೆಲೆಯು ತಿಳಿಯುವದು. ಮುಧೋಳದಲ್ಲಿ ಸಮ್ಮೇಳನವು ಕೂಡಬೇಕಾದರೆ ಅಲ್ಲಿಂದ ಮುಂದೆ ಇನ್ನೂ ಐವತ್ತೆಂಟು ವರ್ಷ ಕಳೆಯಬೇಕಾಯಿತು. ೧೯೯೫ರ ಆ ಸಮ್ಮೇಳನಕ್ಕೆ ಎಚ್. ಎಲ್. ನಾಗೇಗೌಡರು ಅಧ್ಯಕ್ಷರಾಗಿದ್ದರು. ಜಮಖಂಡಿಯ ಕೊನೆಯ ಅರಸರಾದ ಶಂಕರರಾವ ಪಟವರ್ಧನರು ತಮ್ಮ ಸಂಸ್ಥಾನವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಲು ಮುಂದಾದವರು. ಆಗ ಅಲ್ಲಿಯ ಆಡಳಿತದಲ್ಲಿದ್ದ ಸಾವಳಗಿಯ ಬಿ. ಡಿ. ಜತ್ತಿಯವರು ಮುಂದೆ ಮೈಸೂರಿನ ಮುಖ್ಯಮಂತ್ರಿಗಳೂ ಭಾರತದ ಉಪರಾಷ್ಟ್ರಪತಿಗಳೂ ಆದರು.

ಜಮಖಂಡಿಯಿಂದ ಪಡುವಲಿಗೆ ತಿರುಗಿದರೆ ಬನಹಟ್ಟಿ. ಅಲ್ಲಿಂದ ಎರಡು ಮೈಲಿನ ಆಚೀಚೆ ರಬಕವಿ. ಸಂಸ್ಥಾನಗಳ ಗಡಿಯು ಎಂಥದೆಂಬುದನ್ನು ತಿಳಿಯಬೇಕಾದವರು ಈ ಎರಡು ಮೈಲಿನ ದಾರಿಯಲ್ಲಿ ಒಮ್ಮೆ ಹೋಗಬೇಕು. ಎರಡೂ ನೇಕಾರರ ಊರುಗಳು. ಬನಹಟ್ಟಿಯ ಓಣಿಯಲ್ಲಿ ಕೇಳುವ ಮಗ್ಗದ ಸಪ್ಪಳವೇ ರಬಕವಿಯ ಓಣಿಯಲ್ಲಿಯೂ ಕೇಳುವದು. ನೂಲಿಗೆ ಗಂಜಿ ಹಾಕುವ, ಬಣ್ಣ ಕಟ್ಟುವ, ಕಂಡಿಕೆ ಸುತ್ತುವ, ಸೀರೆಯನ್ನು ಮಡಿಚುವ ಕೆಲಸದಲ್ಲಿ ಯಾವ ಭೇದವೂ ಇಲ್ಲ. ಮನೆಯ ಗಂಡಸು ಮಗ್ಗದಲ್ಲಿ ಕುಳಿತರೆ ಹೆಂಗಸರೂ ಮಕ್ಕಳೂ ಅದರ ಮುಂಚಿನ ಕೆಲಸವನ್ನು ಮಾಡುವ ಪದ್ಧತಿಯೂ ಒಂದೇ. ಕೊಡುವದು ತರುವದು, ಬೀಗತನ, ಉಳವಿ ಶ್ರೀಶೈಲಗಳ ಯಾತ್ರೆ ಎಲ್ಲವೂ ಕೂಡಿಯೇ. ಆದರೂ ೧೯೪೮ರವರೆಗೆ ಒಬ್ಬ ನೇಕಾರನು ಜಮಖಂಡಿಯ ಪ್ರಜೆ, ಕಣ್ಣಿಗೆ ಕಾಣುವಷ್ಟು ಹತ್ತಿರದ ಅವನ ಬೀಗನು ಸಾಂಗಲಿಯ ಪ್ರಜೆ. ವ್ಯಾಜ್ಯವಾದರೆ ಒಬ್ಬನ ಅಹವಾಲು ಜಮಖಂಡಿಗೆ, ಇನ್ನೊಬ್ಬನದು ದೂರದ ಸಾಂಗಲಿಗೆ ಹೋಗಬೇಕು. ಇಂದು ಎರಡೂ ಊರುಗಳು ಸೇರಿ ಒಂದೇ ನಗರಸಭೆ, ಒಂದೇ ತಾಲ್ಲೂಕು ಆಗಿವೆ. ಹೆಸರಿನಲ್ಲಿ ಮಾತ್ರ ಜೋಡಿಯು ಉಳಿದಿದೆ. ಕೈಮಗ್ಗಗಳು ಕಡಮೆಯಾಗಿ ವಿದ್ಯುತ್ತಿನ ಮಗ್ಗಗಳು ಹೆಚ್ಚಿವೆ. ಓಣಿಯ ಸಪ್ಪಳದ ತಾಳವೂ ಬದಲಾಗಿದೆ. ನೇಕಾರನ ಸಾಲದ ಲೆಕ್ಕವು ಬದಲಾದಂತೆ ಕಾಣುವದಿಲ್ಲ.

ರಬಕವಿಯಿಂದ ಮುಂದೆ ಐದಾರು ಮೈಲಿಗೆ ತೇರದಾಳವು. ಅಲ್ಲಮಪ್ರಭುವಿನ ಗುಡಿಗೆ ಹೋಗುವ ಜನರು ಹೆಚ್ಚು. ನೇಮಿನಾಥನ ಬಸದಿಯನ್ನು ಕೇಳಿಕೊಂಡು ಹೋಗುವವರು ಕಡಮೆ. ಕ್ರಿ. ಶ. ೧೧೨೩ರ ಸುಮಾರಿಗೆ ಇಲ್ಲಿಯ ಮಾಂಡಲಿಕನಾದ ಗೊಂಕನು ಕಟ್ಟಿಸಿದ ಜಿನಾಲಯವಿದು. ಅದರ ಶಿಲಾಶಾಸನವನ್ನು ಓದಿ ಪ್ರಕಟಿಸಿದವರು ಮುಂಬಯಿ ಇಲಾಖೆಯ ಅಧಿಕಾರಿಗಳಾಗಿದ್ದ ಜಾನ್ ಫ್ಲೀಟ ಸಾಹೇಬರು. ರನ್ನನು ತೀರಿಕೊಂಡು ನೂರು ವರ್ಷಗಳ ಮೇಲೆಯೂ ಜೈನಧರ್ಮವು ಈ ಸೀಮೆಯಲ್ಲಿ ಗಟ್ಟಿಯಾಗಿ ನಿಂತಿದ್ದಿತೆಂಬುದಕ್ಕೆ ಈ ಕಲ್ಲು ಸಾಕ್ಷಿ. ಇಲ್ಲಿಂದ ತೆಂಕಲಿಗೆ ಇಳಿದು ಮಹಾಲಿಂಗಪುರಕ್ಕೆ ಬಂದರೆ ತಿರುಗಿ ಹಳೆಯ ಮುಧೋಳ ಸಂಸ್ಥಾನದ ನೆಲವು. ಮಹಾಲಿಂಗೇಶ್ವರನ ಗುಡಿಯೂ ಬೆಲ್ಲದ ಪೇಟೆಯೂ ಈ ಊರಿನ ಎರಡು ಪ್ರಸಿದ್ಧಿಗಳು. ಮುಧೋಳದ ದಾರಿಯುದ್ದಕ್ಕೂ ಕಬ್ಬು. ಸಂಜೆಗೆ ಘಟಪ್ರಭೆಯು ಕಾಣುವದು. ಬೇಸಿಗೆಯಲ್ಲಿ ಸೊರಗುವ ಈ ನದಿಯು ಮಳೆಗಾಲದಲ್ಲಿ ಯಾದವಾಡದ ದಾರಿಯ ಸೇತುವೆಯನ್ನು ಎಷ್ಟೋ ಸಲ ಮುಳುಗಿಸಿರುವದು. ೨೦೧೯ರ ಆಗಸ್ಟದಲ್ಲಿ ದಂಡೆಯ ಹಳ್ಳಿಗಳನ್ನೇ ಹೊಕ್ಕಿತು. ನೆರೆಯು ಬಂದಾಗ ಈ ಸೀಮೆಯು ಒಂದೇ ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗುವದಿಲ್ಲ.

ಸುತ್ತಿನಿಂದ ಹೊರಗುಳಿದ ಒಂದು ಊರಿಗೆ ಬೇರೊಂದು ದಿನವನ್ನು ಮೀಸಲಾಗಿಡಬೇಕು. ಅದು ಮುಧೋಳದ ಮೂಡಲಿಗೆ ಇರುವ ಹಲಗಲಿ. ಕಬ್ಬಿನ ಹಸಿರು ಇತ್ತ ಕಡೆಗೆ ತೆಳುವಾಗುತ್ತ ಹೋಗಿ ಕಲ್ಲುನೆಲವೂ ಕುರುಚಲು ಕಾಡೂ ಮೊದಲಾಗುವವು. ಯಡಹಳ್ಳಿಯ ಬಳಿ ಚಿಂಕಾರವೆಂಬ ಸಣ್ಣ ಹುಲ್ಲೆಗಳ ರಕ್ಷಣೆಗಾಗಿ ಸರಕಾರವು ಅಭಯಾರಣ್ಯವನ್ನು ಮಾಡಿದೆ. ಬೇಟೆಯ ಪ್ರಾಣಿಯಿದ್ದಲ್ಲಿ ಬೇಟೆಗಾರನೂ ಇರುವನಷ್ಟೆ. ಹಲಗಲಿಯ ಬೇಡರಿಗೆ ಆಯುಧವೆಂಬುದು ಹೊಟ್ಟೆಯ ದಾರಿಯೂ ಮನೆತನದ ಮಾನವೂ ಆಗಿದ್ದಿತು. ೧೮೫೭ರಲ್ಲಿ ಬಡಗಣ ಹಿಂದೂಸ್ತಾನದಲ್ಲಿ ದಂಗೆಯೆದ್ದೊಡನೆ ಕಂಪನಿ ಸರಕಾರವು ಪ್ರಜೆಗಳೆಲ್ಲರೂ ತಮ್ಮ ಆಯುಧಗಳನ್ನು ತಂದೊಪ್ಪಿಸಬೇಕೆಂದು ಕಾಯಿದೆಯನ್ನು ಮಾಡಿತು. ಹಲಗಲಿಯು ಇಂಗ್ಲಿಷರ ಊರಲ್ಲ. ಮುಧೋಳ ಸಂಸ್ಥಾನದ ಊರು. ಆದರೆ ಸಂಸ್ಥಾನಿಕನು ಕಂಪನಿಯ ಮಾತನ್ನು ಮೀರುವಂತಿರಲಿಲ್ಲ. ಮುಧೋಳದ ಕಾರಭಾರಿಗಳು ಆಯುಧಗಳನ್ನು ಕೇಳಿದರು, ಬೇಡರು ಕೊಡಲಿಲ್ಲ. ಸುತ್ತಲಿನ ಹಳ್ಳಿಗಳಿಂದಲೂ ಜನರು ಬಂದು ಹಲಗಲಿಯಲ್ಲಿ ಕೂಡಿದರು. ಹನಮ, ಬಾಲ, ಜಡಗ, ರಾಮ ಎಂಬವರು ಮುಂದಾಳುಗಳಾಗಿದ್ದರೆಂದು ಲಾವಣಿಯು ಹೇಳುವದು.

ನವೆಂಬರ ೨೯ರಂದು ಇಂಗ್ಲಿಷರ ಕುದುರೆಯ ದಂಡು ಊರನ್ನು ಮುತ್ತಿತು. ಬೇಡರು ಮನೆಗಳೊಳಗಿಂದ ಗುಂಡು ಹಾರಿಸಿ ಕಾದಿದರು. ಮರುದಿನ ಊರಿಗೆ ಬೆಂಕಿಯನ್ನಿಟ್ಟರು. ಬೆಂಕಿಯಿಂದ ಹೊರಬಿದ್ದವರಲ್ಲಿ ಎಷ್ಟೋ ಜನರು ಕತ್ತಿಗೆ ಸಿಕ್ಕರು. ಸುಮಾರು ೨೯೦ ಜನರು ಸೆರೆಯಾದರು. ವಿಚಾರಣೆಯು ಬೇಗನೆ ಮುಗಿಯಿತು. ಡಿಸೆಂಬರ ೧೧ರಂದು, ಶುಕ್ರವಾರ, ಸಂತೆಯ ಜನರ ಕಣ್ಣೆದುರಿನಲ್ಲಿ ೧೩ ಮಂದಿಯನ್ನು ಮುಧೋಳದಲ್ಲಿ ಗಲ್ಲಿಗೇರಿಸಿದರು. ಉಳಿದ ೬ ಮಂದಿಯನ್ನು ಡಿಸೆಂಬರ ೧೪ರಂದು ಅವರ ಸ್ವಂತ ಊರಾದ ಹಲಗಲಿಯಲ್ಲಿಯೇ ಗಲ್ಲಿಗೇರಿಸಿದರು. ಸಂತೆಯ ದಿನವನ್ನು ಆರಿಸಿಕೊಂಡದ್ದರ ಉದ್ದೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಳವನ್ನೂ ಉಪ್ಪನ್ನೂ ಕೊಳ್ಳಲು ಬಂದ ಹತ್ತಾರು ಹಳ್ಳಿಗಳ ಜನರು ಆ ಸುದ್ದಿಯನ್ನು ಹೊತ್ತುಕೊಂಡು ಹೋಗಬೇಕೆಂಬುದೇ ಅದರ ಹಂಚಿಕೆಯಾಗಿದ್ದಿತು. ಜಮಖಂಡಿಯ ಅಪ್ಪಾಸಾಹೇಬ ಪಟವರ್ಧನರೂ ಆ ಕಾಲದಲ್ಲಿ ಸಂಶಯಕ್ಕೆ ಗುರಿಯಾದರು. ಮರುವರ್ಷ ನರಗುಂದದ ಬಾಬಾಸಾಹೇಬನು ಎದ್ದು ಅಳಿದನು. ಅರಸರ ಬಂಡಾಯಕ್ಕೆ ಪುಸ್ತಕಗಳಲ್ಲಿ ಸ್ಥಳವು ಬೇಗನೆ ದೊರೆಯುವದು. ಹಲಗಲಿಯವರು ಯಾವ ಗಾದಿಗಾಗಿಯೂ ಹೋರಾಡಲಿಲ್ಲ. ಅವರು ಯಾರ ಮೇಲೂ ದಂಡೆತ್ತಿ ಹೋಗಲಿಲ್ಲ. ತಮ್ಮದಾಗಿದ್ದುದನ್ನು ಕೊಡೆವೆಂದರು, ಅಷ್ಟೆ.

ಸಂತೆಯಿಂದ ಹಳ್ಳಿಗಳಿಗೆ ಹೊರಟ ಸುದ್ದಿಯು ಅಂಜಿಕೆಯಾಗಿ ಮಾತ್ರ ಉಳಿಯಲಿಲ್ಲ. ಅದು ಹಾಡಾಯಿತು. ಹಲಗಲಿಯ ಲಾವಣಿಯನ್ನು ಕಟ್ಟಿದವನು ಮುಧೋಳದವನಲ್ಲ. ದೂರದ ಗದಗಿನ ಹತ್ತಿರದ ಕುರ್ತಕೋಟಿಯ ಕಲ್ಮೇಶನ ಅಂಕಿತವು ಅದರಲ್ಲಿದೆ. ಮೂರು ಸಂಸ್ಥಾನಗಳ ಗಡಿಯನ್ನೂ ಇಂಗ್ಲಿಷರ ಜಿಲ್ಲೆಗಳನ್ನೂ ದಾಟಿ ಆ ಸಂಗತಿಯು ಅಷ್ಟು ದೂರ ಹೋದದ್ದು ಹೇಗೆಂದು ಯೋಚಿಸಿದರೆ, ಜಾತ್ರೆಯಿಂದ ಜಾತ್ರೆಗೆ ತಿರುಗುವ ಲಾವಣಿಕಾರರ ಕಾಲುಗಳೇ ನೆನಪಿಗೆ ಬರುವವು. ಇದಕ್ಕಿಂತ ಆಶ್ಚರ್ಯದ ಮಾತೆಂದರೆ, ಆ ಲಾವಣಿಯನ್ನು ಬರೆಯಿಸಿಕೊಂಡು ಇಂಗ್ಲಿಷಿನ ಅರ್ಥದೊಡನೆ ಅಚ್ಚು ಹಾಕಿಸಿದವರು ತೇರದಾಳದ ಶಾಸನವನ್ನು ಓದಿದ ಆ ಫ್ಲೀಟ ಸಾಹೇಬರೇ. ಗಲ್ಲಿಗೇರಿಸಿದ ಸರಕಾರದ ಅಧಿಕಾರಿಯ ಕೈಯಿಂದಲೇ ಗಲ್ಲಿಗೇರಿದವರ ಹಾಡು ಕಾಗದಕ್ಕೆ ಬಂದಿತು. ಇಂದು ಕನ್ನಡ ಶಾಲೆಯ ಮಕ್ಕಳು ಅದನ್ನು ಪಾಠವಾಗಿ ಓದುವರು.

೧೯೪೮ರ ಮಾರ್ಚ ೮ರಂದು ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಮುಧೋಳ, ಜಮಖಂಡಿ, ರಬಕವಿ, ತೇರದಾಳ ಎಲ್ಲವೂ ವಿಜಾಪುರ ಜಿಲ್ಲೆಗೆ ಸೇರಿದವು. ೧೯೫೬ರ ನವೆಂಬರ ೧ರಂದು ಮೈಸೂರು ರಾಜ್ಯಕ್ಕೆ ಬಂದವು. ೧೯೯೭ರಿಂದ ಬಾಗಲಕೋಟೆ ಜಿಲ್ಲೆಯಲ್ಲಿವೆ. ಹಳೆಯ ಗಡಿಯ ಕಲ್ಲುಗಳನ್ನು ಈಗ ಯಾರೂ ಹುಡುಕುವದಿಲ್ಲ; ಎಷ್ಟೋ ಕಡೆಗೆ ಅವು ಬದುವಿನ ಕಲ್ಲುಗಳೊಡನೆ ಕೂಡಿಹೋಗಿರಬಹುದು. ಹಲಗಲಿಯಿಂದ ಮುಧೋಳಕ್ಕೆ ಮರಳುವ ದಾರಿಯಲ್ಲಿ ಹೆಚ್ಚಿನ ಏರಿಳಿತವಿಲ್ಲ. ಸೆರೆಯಾದವರನ್ನು ೧೮೫೭ರ ಚಳಿಗಾಲದಲ್ಲಿ ಮುಧೋಳದ ಕಡೆಗೆ ನಡೆಯಿಸಿಕೊಂಡು ಬಂದದ್ದು ಈ ನೆಲದ ಮೇಲೆಯೇ. ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಸೈಕಲ್ಲನ್ನೇರಿದವನು ಹೊತ್ತು ಮುಳುಗುವದರೊಳಗೆ ಸಂತೆಯ ಬಯಲನ್ನು ಮುಟ್ಟುವನು.